ನಲವತ್ತೆರಡು ಹೆಬ್ಬೆಟ್ಟು

ಹಿಂದಿನ ಜೀಪು ಎರಡನೇ ಸಲ ಗುದ್ದಿತು.

ಬೈಕ್ ಓಲಾಡಿತು. ಹಿಂದೆ ಕೂತಿದ್ದ ನಂಜಮ್ಮ ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದಳು. ಅರವತ್ತು ದಾಟಿದ ಹೆಂಗಸು. ಅವಳ ಕೈ ನಡುಗುತ್ತಿತ್ತು... ಭಯಕ್ಕಲ್ಲ. ಆ ಕೈ ನಡುಗಲು ಶುರುವಾಗಿ ಒಂದೂವರೆ ವರ್ಷವಾಗಿತ್ತು.

ನಮ್ಮಿಬ್ಬರ ನಡುವೆ ಒಂದು ಫೈಲ್ ಸಿಕ್ಕಿಕೊಂಡಿತ್ತು.

ಕೆ. ಹೊಸಕೋಟೆಯಿಂದ ಆಲೂರಿಗೆ ಹೋಗುವ ರಸ್ತೆ. ಮಧ್ಯಾಹ್ನ ಒಂದೂವರೆ. ನಾಲ್ಕು ಗಂಟೆಗೆ ನಾವು ಹಾಸನದಲ್ಲಿರಬೇಕಿತ್ತು. ಜೀಪಿನಲ್ಲಿದ್ದವನು ಮೋಹನ್, ಎಸ್ಟೇಟಿನ ಮ್ಯಾನೇಜರ್.

ಹಿಂದಿನ ದಿನದವರೆಗೂ ನಾನು ಅವನ ಮನುಷ್ಯ.

ಲಾಯರ್ ಸಾರ್, ಇದು ನಿಮಗೆ ಅರ್ಥವಾಗಬೇಕಾದರೆ ಹನ್ನೊಂದು ತಿಂಗಳು ಹಿಂದಕ್ಕೆ ಹೋಗಬೇಕು. ಪೊಲೀಸ್ ಕೆಲಸ ಕಳೆದುಕೊಂಡ ಮೇಲೆ ನಾನು ಎಸ್ಟೇಟುಗಳ ತಲೆನೋವು ತೆಗೆಯುವ ಕೆಲಸ ಹಿಡಿದಿದ್ದೆ. ಬೇಲಿ ತಕರಾರು, ಕೂಲಿಯವರ ಲೈನ್ ಮನೆಗಳ ಗಲಾಟೆ, ಎಲ್ಲಕ್ಕೂ ಜಯಕುಮಾರನೇ ಬೇಕು. ಆ ಸಲದ ತಲೆನೋವಿನ ಹೆಸರು ಹೇಮಶ್ರೀ.

ಹಾಸನದ ಒಂದು ಕಾಲೇಜಿನ ಸಂಶೋಧಕಿ. ಲೈನಿನವರು ಕುಡಿಯುತ್ತಿದ್ದ ಹಿಂದಿನ ಹಳ್ಳದ ನೀರನ್ನು ಬಾಟಲಿಗೆ ತುಂಬಿಕೊಂಡು ಹೋಗುತ್ತಿದ್ದಳು. ಫಿಸಿಕ್ಸ್ ವಿಭಾಗದವರು ಆ ನೀರಿಗೆ ಬೆಳಕು ಹಾಯಿಸಿ, ಅದರಲ್ಲಿ ಏನು ಬೆರೆತಿದೆ ಎಂದು ಅಳೆಯುತ್ತಿದ್ದರು. ಲೈನಿನ ನಲವತ್ತೆರಡು ಜನರ ರಕ್ತ ಪರೀಕ್ಷೆಯೂ ಆಗಿತ್ತು. ನೀರಲ್ಲಿ ಸಿಕ್ಕ ವಿಷದ ಗುರುತೇ ರಕ್ತದಲ್ಲೂ ಸಿಕ್ಕಿತು. ಹಳ್ಳದ ಮೇಲ್ಭಾಗದಲ್ಲಿ ಮೋಹನ್ ಹೂಳಿಸಿದ್ದ ಹಳೆಯ ಕೀಟನಾಶಕದ ಡ್ರಮ್ಮುಗಳು ಸೋರುತ್ತಿದ್ದವು.

"ದುಡ್ಡು ಕೊಟ್ಟು ಓದೋ ಪತ್ರಿಕೇಲಿ ಲೇಖನ ಹಾಕಿದ್ರೆ ಬಿಟ್ಬಿಡ್ತಿದ್ದೆ ಜಯಣ್ಣ, ಯಾರು ಓದ್ತಾರೆ? ಇವಳು ಯಾರು ಬೇಕಾದ್ರೂ ಬಿಟ್ಟಿ ಓದೋ ಕಡೆ ಹಾಕ್ತಾಳಂತೆ. ನಿಲ್ಸು," ಎಂದ ಮೋಹನ್.

ನಿಲ್ಲಿಸಿದೆ.

ಅವಳು ಹಳ್ಳಕ್ಕೆ ಇಳಿದಿದ್ದಾಗ ಕಾರಿನಿಂದ ಒಂದು ಫೈಲ್ ಎತ್ತಿದೆ. ರಕ್ತ ಕೊಡಲು ಒಪ್ಪಿ ಲೈನಿನವರು ಒತ್ತಿದ್ದ ನಲವತ್ತೆರಡು ಹೆಬ್ಬೆಟ್ಟು ಅದರಲ್ಲಿದ್ದವು. ಆಮೇಲೆ ನಂಜಮ್ಮನ ಮನೆಗೆ ಹೋದೆ. ಸರ್ಕಾರದಿಂದ ಮನೆ ಕೊಡಿಸುವ ಅರ್ಜಿ ಎಂದು ಹೇಳಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅದರಲ್ಲಿದ್ದದ್ದು ದೂರು. ಹೇಮಶ್ರೀ ನಮ್ಮನ್ನು ಕೇಳದೆ ರಕ್ತ ತೆಗೆದಳು ಎಂದು.

ನಂಜಮ್ಮನ ಗಂಡ ದಾಸಯ್ಯ ಎದ್ದು ನಿಂತು ನನಗೆ ಕೈ ಮುಗಿದ.

ದೂರು ತಲುಪಿದ್ದೇ ಕಾಲೇಜಿನವರು ಲೇಖನವನ್ನು ತಡೆಹಿಡಿದರು. ಒಪ್ಪಿಗೆಯ ಕಾಗದ ತೋರಿಸು ಎಂದರೆ ಹೇಮಶ್ರೀ ಎಲ್ಲಿಂದ ತರುತ್ತಾಳೆ? ಫೈಲನ್ನು ಸುಡು ಎಂದಿದ್ದ ಮೋಹನ್. ಸುಡಲಿಲ್ಲ. ಒಳ್ಳೆಯತನ ಅಂದುಕೊಳ್ಳಬೇಡಿ. ನಾಳೆ ಅವನು ತಿರುಗಿಬಿದ್ದರೆ ನನ್ನ ಕೈಯಲ್ಲೊಂದು ಹಿಡಿತ ಇರಲಿ ಎಂದು ಇಟ್ಟುಕೊಂಡೆ.

ಎರಡು ತಿಂಗಳ ಹಿಂದೆ ಹೊಸಕೋಟೆಯ ಡಾಕ್ಟರ್ ಸುಮನಾ ಲೈನಿನ ನೀರಿನ ಬಗ್ಗೆ ವಿಚಾರಿಸುತ್ತಿದ್ದಾರೆ ಎಂದು ಗೊತ್ತಾಗಿ, ಮೋಹನ್ ನನ್ನನ್ನು ಅವರ ಕ್ಲಿನಿಕ್ಕಿಗೆ ಕಳಿಸಿದ. ಅಲ್ಲಿ ಮಂಚದ ಮೇಲೆ ದಾಸಯ್ಯ ಮಲಗಿದ್ದ. ಮೈಯೆಲ್ಲ ಬೆವರು. ಉಸಿರು ಗೊರಗೊರ.

ಡಾಕ್ಟರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಸಂಬಂಧಿಕನೆಂದು ತಿಳಿದು ಎಲ್ಲವನ್ನೂ ಹೇಳಿದರು. ಆರು ತಿಂಗಳಿಂದ ಕೈ ನಡುಕಕ್ಕೆ ಔಷಧಿ ಕೊಡುತ್ತಿದ್ದರಂತೆ. ಕುಡಿತದ ನಡುಕ ಎಂದುಕೊಂಡಿದ್ದರು. ದಾಸಯ್ಯ ಹೆಂಡ ಮುಟ್ಟಿದವನೇ ಅಲ್ಲ. ಹೇಮಶ್ರೀ ಹಿಂದಿನ ದಿನವಷ್ಟೇ ಫೋನ್ ಮಾಡಿ ನೀರಿನ ವಿಷಯ ತಿಳಿಸಿದ್ದಳು.

"ಆ ಲೇಖನ ಮೊದಲೇ ಓದೋಕೆ ಸಿಕ್ಕಿದ್ರೆ ಇವರಿಗೆ ಆ ನೀರು ಬಿಡಿಸ್ತಿದ್ದೆ," ಎಂದರು ಡಾಕ್ಟರ್. "ಅಷ್ಟೇ ಸಾಕಿತ್ತು."

ಅಷ್ಟೇ ಸಾಕಿತ್ತು, ಸಾರ್.

ಎರಡು ದಿನಕ್ಕೆ ದಾಸಯ್ಯ ಹೋದ. ನಾನು ಮಣ್ಣಿಗೂ ಹೋಗಲಿಲ್ಲ. ಮೂರು ವಾರ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಅವನು ಕೈ ಮುಗಿದುಕೊಂಡು ನಿಲ್ಲುತ್ತಿದ್ದ.

ದೂರನ್ನು ವಿಚಾರಿಸುತ್ತಿದ್ದ ಕಾಲೇಜಿನ ಸಮಿತಿ ಕೊನೆಯ ಸಲ ಸೇರುವ ದಿನ ಗೊತ್ತಾಯಿತು. ಅವತ್ತು ಒಪ್ಪಿಗೆ ಪತ್ರ ಸಿಗದಿದ್ದರೆ ಎಲ್ಲ ಮಾಹಿತಿಯನ್ನೂ ಅಳಿಸಿಹಾಕುತ್ತಾರೆ. ಆ ದಿನ ಮಧ್ಯಾಹ್ನ ಫೈಲ್ ತೆಗೆದುಕೊಂಡು ಲೈನಿಗೆ ಹೋದೆ. ನಂಜಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ತನ್ನ ಹೆಬ್ಬೆಟ್ಟು ನೋಡಿಕೊಂಡಳು.

"ಅಂಗಾರೆ ಅದು ಮನೆ ಅರ್ಜಿ ಅಲ್ವಾ?"

"ಅಲ್ಲ."

ಬೈಯಲಿಲ್ಲ. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡಳು.

"ನಡಿ. ನಾನೇ ಬಂದು ಹೇಳ್ತೀನಿ."

ವಾಚ್‌ಮನ್ ನಮ್ಮನ್ನು ನೋಡಿದ್ದ. ಹತ್ತು ನಿಮಿಷದಲ್ಲಿ ಜೀಪು ಬೆನ್ನು ಹತ್ತಿತು.

ಮೂರನೇ ಗುದ್ದಿಗೆ ಬೈಕ್ ರಸ್ತೆ ಬಿಟ್ಟಿತು. ಕಾಫಿ ಗಿಡಗಳ ಮೇಲೆ ಉರುಳಿದೆವು. ನನ್ನ ಎಡಗೈ ಮುರಿಯಿತು. ನಂಜಮ್ಮನ ಹಣೆಯಲ್ಲಿ ರಕ್ತ. ಆದರೂ ಮೊದಲು ಎದ್ದವಳು ಅವಳೇ. ಫೈಲನ್ನು ಸೆರಗಿನಲ್ಲಿ ಸುತ್ತಿಕೊಂಡು ತೋಟದೊಳಗೆ ನುಗ್ಗಿದಳು. ನಲವತ್ತು ವರ್ಷ ಕಾಫಿ ಕೊಯ್ದವಳಿಗೆ ದಾರಿ ಹೇಳಿಕೊಡಬೇಕೆ? ಅವಳ ಹಿಂದೆ ನಾನು ಓಡಿದೆ. ತೋಟ ದಾಟಿ ಕೆಳಗಿನ ರಸ್ತೆಗೆ ಬಿದ್ದೆವು. ಬಸ್ ಸ್ಟಾಪ್ ಕಂಡಿತು.

ಜೀಪು ಸುತ್ತು ಹಾಕಿ ಅಲ್ಲಿಗೇ ಬಂತು. ಮೋಹನ್ ಇಳಿದ. ಕೈಯಲ್ಲಿ ಎಸ್ಟೇಟಿನ ಕೋವಿ.

"ಫೈಲ್ ಕೊಡು ಜಯಣ್ಣ. ಅಜ್ಜೀನ ನಾನೇ ಮನೆಗೆ ಬಿಡ್ತೀನಿ."

ನಾನು ಅಡ್ಡ ನಿಂತೆ. ನಂಜಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

"ಗಂಡನ್ನ ಕಳಕೊಂಡಿವ್ನಿ ಸಾಮಿ. ಇನ್ನೇನು ಕಿತ್ಕೊಂತೀರ ನನ್ನತ್ರ?"

ಮೋಹನ್ ಕೋವಿ ಎತ್ತಿದ. ಅಷ್ಟರಲ್ಲಿ ತಿರುವಿನಲ್ಲಿ ಆಲೂರು ಬಸ್ ಕಾಣಿಸಿತು. ಬಸ್ಸಿನ ತುಂಬ ಜನ. ಕಿಟಕಿಗಳಲ್ಲಿ ಮುಖಗಳು... ಕೆಲವು ಕೈಗಳಲ್ಲಿ ಫೋನುಗಳು. ಮೋಹನ್ ಕೋವಿ ಇಳಿಸಿದ. ನಾವು ಬಸ್ ಹತ್ತಿದೆವು, ಆಲೂರಿನಲ್ಲಿ ಹಾಸನದ ಬಸ್ ಹಿಡಿದೆವು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಸಮಿತಿಯ ಮುಂದೆ ನಂಜಮ್ಮ ಫೈಲ್ ಇಟ್ಟಳು. ದೂರಿನ ಕಾಗದ ತೋರಿಸಿ ಇದು ನಿಮ್ಮದೇನಮ್ಮ ಎಂದು ಕೇಳಿದರು.

"ಹೆಬ್ಬೆಟ್ಟು ನಂದೇ. ಮಾತು ನಂದಲ್ಲ," ಎಂದಳು.

ಹೇಮಶ್ರೀ ಅವಳ ಹಣೆಯ ರಕ್ತ ಒರೆಸಿದಳು. ನನ್ನ ಕಡೆ ನೋಡಲೂ ಇಲ್ಲ. ನ್ಯಾಯವೇ.

ಆ ವಾರವೇ ಲೇಖನ ಎಲ್ಲರಿಗೂ ಓದಲು ಸಿಕ್ಕಿತು. ಡಾಕ್ಟರ್ ಸುಮನಾ ಅದನ್ನು ಹಿಡಿದುಕೊಂಡು ತಾಲೂಕು ಆಫೀಸಿಗೆ ಹೋದರು. ಲೈನಿಗೆ ಟ್ಯಾಂಕರ್ ನೀರು ಬಂತು, ಡ್ರಮ್ಮುಗಳು ಮೇಲೆ ಬಂದವು. ಬೆಳಗೋಡಿನ ಇನ್ನೊಬ್ಬ ಡಾಕ್ಟರು ಅದನ್ನು ಓದಿ, ಇಬ್ಬರು ರೋಗಿಗಳ ನಡುಕ ಕುಡಿತದ್ದಲ್ಲ ಎಂದು ಹೊತ್ತಿಗೆ ಸರಿಯಾಗಿ ಗುರುತಿಸಿದರಂತೆ. ಇಬ್ಬರೂ ಬದುಕಿದರು.

ಲೇಖನ ಮೊದಲೇ ಬಂದಿದ್ದರೆ ದಾಸಯ್ಯನೂ ಸೇರಿ ಮೂವರಾಗುತ್ತಿದ್ದರು.

ನಾನೇ ಸ್ಟೇಷನ್ನಿಗೆ ಹೋಗಿ ಎಲ್ಲವನ್ನೂ ಬರೆಸಿ ಈ ಜೈಲಿಗೆ ಬಂದೆ. ಮೋಹನ್ ಸಿಕ್ಕಿಬಿದ್ದ, ನಾಲ್ಕೇ ದಿನದಲ್ಲಿ ಜಾಮೀನಿನ ಮೇಲೆ ಹೊರಗೆ ಬಂದ. ನನಗೂ ಜಾಮೀನು ಸಿಗುತ್ತದೆ ಎನ್ನುತ್ತೀರಿ. ಬೇಡ ಲಾಯರ್ ಸಾರ್.

ಇಲ್ಲಿಯ ನೀರು ಚೆನ್ನಾಗಿದೆ.