ಬರೆದವರು ಬಾಯಿ ಬಿಡುವಂತಿಲ್ಲ

"ರೂಲ್ ಮಾಡಿದ್ದು ನೀನು. ಮುರಿದಿದ್ದೂ ನೀನೇ," ಎಂದ ಬ್ರೇಕ್, ಊಟದ ಡಬ್ಬಿಯ ಮುಚ್ಚಳ ಒತ್ತುತ್ತಾ. "ಎರಡು ವಾರ ಗ್ರೂಪಿಂದ ಔಟ್. ನಾನು ಹೇಳ್ತಿಲ್ಲಪ್ಪ, ನಿನ್ನ ರೂಲೇ ಹೇಳ್ತಿದೆ."

ಪೆನ್ಸಿಲ್‌ಗೆ ತಲೆಬುಡ ಅರ್ಥವಾಗಲಿಲ್ಲ. "ನಾನೇನು ಮಾಡ್ದೆ?"

"ನಿನ್ನೆ ಮೆಸೇಜ್ ಹಾಕಿದ್ದು ಯಾರು? ಕತೆ ಬರೆದೋರು ಶನಿವಾರ ಸಂಜೆವರೆಗೂ ಬಾಯಿ ಬಿಡೋ ಹಾಗಿಲ್ಲ. ಇವತ್ತಿನ್ನೂ ಗುರುವಾರ."

"ನಾನು ಏನೂ ಹಾಕಿಲ್ಲ ಕಣೋ."

"ಹಂಗಾದ್ರೆ ನಿನ್ನ ಫೋನಿಗೇ ಕೈ ಬಂದಿರಬೇಕು."

ಅವನಿಗೆ ಬ್ರೇಕ್ ಎಂದು ಹೆಸರಿಟ್ಟವಳು ಪೆನ್ಸಿಲ್ಲೇ. ಅವನ ಅಪ್ಪ ಸಿಟಿ ಬಸ್ ಡ್ರೈವರ್. ಅದೂ ಅಲ್ಲದೆ ಯಾರು ಏನು ಹೇಳಹೊರಟರೂ ಅವನು ನಡುವೆ ಬ್ರೇಕ್ ಹಾಕುತ್ತಾನೆ. ಇವಳಿಗೆ ಪೆನ್ಸಿಲ್ ಎಂದು ಹೆಸರಿಟ್ಟವನು ಅವನು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು, ಆಮೇಲೆ ಇಡೀ ಕ್ಲಾಸಿನಲ್ಲಿ ಅದನ್ನೇ ಹುಡುಕುವವಳಿಗೆ ಇನ್ನೇನು ಹೆಸರು ಸಿಗುತ್ತದೆ?

ಗ್ರೂಪ್ ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ. ಅದರ ಹುಟ್ಟಿಗೆ ಪೆನ್ಸಿಲ್‌ಳ ಒಂದು ಸಂಕಟವೇ ಕಾರಣ. ಅವಳು ಕತೆ ಬರೆದು ಮನೆಯಲ್ಲಿ ತೋರಿಸಿದರೆ "ಚೆನ್ನಾಗಿದೆ ಪುಟ್ಟಾ" ಅನ್ನುತ್ತಿದ್ದರು. ಟೀಚರಿಗೆ ತೋರಿಸಿದರೆ ಒತ್ತು, ದೀರ್ಘ ತಿದ್ದಿ ಕೊಡುತ್ತಿದ್ದರು. ಕತೆಯೊಳಗೆ ಏನು ಸರಿಯಿದೆ, ಏನು ಕೆಟ್ಟಿದೆ ಎಂದು ಮಾತ್ರ ಯಾರೊಬ್ಬರೂ ಹೇಳುತ್ತಿರಲಿಲ್ಲ. ದೊಡ್ಡಪ್ಪನ ಮಗಳು, ಇವಳು ಅಕ್ಕ ಎಂದು ಕರೆಯುವವಳು, ಎಂಟನೇ ಕ್ಲಾಸು, ಇರುವುದು ಬೇರೆ ಊರಿನಲ್ಲಿ. "ನಾವೇ ಒಂದು ಗ್ರೂಪ್ ಮಾಡ್ಕೊಳ್ಳೋಣ ಕಣೇ, ಒಬ್ಬರ ಕತೆ ಇನ್ನೊಬ್ಬರು ಓದಿ ಹೇಳೋದು," ಎಂದು ಅವಳೇ ಫೋನಿನಲ್ಲಿ ಹೇಳಿದ್ದಳು. ಬ್ರೇಕ್ ಸೇರಿದ. ಹೋದ ವರ್ಷ ಇವರ ಶಾಲೆ ಬಿಟ್ಟು ಬೇರೆ ಊರಿಗೆ ಹೋದ ಗೊಂಬೆಯೂ ಸೇರಿದಳು. ಗೊಂಬೆ ಬರೆಯುವ ಪ್ರತಿ ಕತೆಯಲ್ಲೂ ಒಂದು ಗೊಂಬೆ ಮಾತಾಡುತ್ತದೆ, ಅದಕ್ಕೇ ಆ ಹೆಸರು.

ನಾಲ್ಕು ಜನ, ನಾಲ್ಕು ಫೋನು. ಒಂದೂ ಅವರದಲ್ಲ, ಎಲ್ಲಾ ಅಪ್ಪ ಅಮ್ಮಂದಿರದು.

ಮೊದಲ ವಾರ ಬ್ರೇಕ್‌ನ ರೋಬೋಟ್ ಕತೆ. ರೋಬೋಟ್ ಅಡುಗೆ ಮಾಡುತ್ತಿತ್ತು, ಬಟ್ಟೆ ಒಗೆಯುತ್ತಿತ್ತು. ಅದನ್ನು ಪೆನ್ಸಿಲ್ ಫೋನಿನಲ್ಲಿ ಓದುತ್ತಿದ್ದಾಗ ಅಮ್ಮ ಹಿಂದಿನಿಂದ ಬಗ್ಗಿ ನೋಡಿ, "ಬಣ್ಣದ ಬಟ್ಟೆಗೆ ಬ್ಲೀಚ್ ಹಾಕ್ತಿದೆಯಲ್ಲೇ ಅದು, ಎಲ್ಲಾ ಹಾಳಾಗೋಗುತ್ತೆ," ಎಂದಿದ್ದಳು. ಅಮ್ಮ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಪೆನ್ಸಿಲ್ ಅದನ್ನೇ ಗ್ರೂಪಿನಲ್ಲಿ ಹಾಕಿದಳು. ಬ್ರೇಕ್ ಸುಮ್ಮನಿರುತ್ತಾನೆಯೇ? ಅದು ಮಾಮೂಲಿ ಬ್ಲೀಚ್ ಅಲ್ಲ, ರೋಬೋಟ್ ಬ್ಲೀಚ್ ಎಂದ. ಅದರ ಬೆನ್ನಿಗೆ ಇನ್ನೂ ಹತ್ತು ಮೆಸೇಜ್ ಹಾಕಿದ. ಸಿಟ್ಟು ನೆತ್ತಿಗೇರಿ ಪೆನ್ಸಿಲ್ ಅವತ್ತೇ ರೂಲ್ ಮಾಡಿದಳು. ಓದಿದವರು ಇಷ್ಟವಾದದ್ದನ್ನು ಹೇಳಬೇಕು, ಅರ್ಥವಾಗದ್ದನ್ನು ಕೇಳಬೇಕು. ಬರೆದವರು ಶನಿವಾರ ಸಂಜೆಯವರೆಗೆ ತುಟಿ ಪಿಟಕ್ಕೆನ್ನುವಂತಿಲ್ಲ. ಮಾತಾಡಿದರೆ ಎರಡು ವಾರ ಹೊರಗೆ.

ಈ ವಾರ ಪೆನ್ಸಿಲ್‌ಳ ಸರದಿ. ಶಾಲೆಯಲ್ಲಿ ಕತೆ ಓದುವ ದಿನ. ಒಬ್ಬಳು ಹುಡುಗಿ ಅಮ್ಮನಿಗೆಂದು ಮೂರನೇ ಸಾಲಿನ ಕುರ್ಚಿಯ ಮೇಲೆ ನೀರಿನ ಬಾಟಲಿ ಇಟ್ಟು ಜಾಗ ಹಿಡಿದಿರುತ್ತಾಳೆ. ಕತೆ ಓದಿ ಮುಗಿದರೂ ಕುರ್ಚಿಯ ಮೇಲೆ ಬಾಟಲಿಯೇ ಕೂತಿರುತ್ತದೆ. ಹುಡುಗಿಗೆ ಅಳು ಬರುತ್ತದೆ. ಅಷ್ಟರಲ್ಲಿ ಅಮ್ಮ ದೊಡ್ಡ ಕೆಂಪು ಬಲೂನು ಹಿಡಿದು ಓಡೋಡಿ ಬರುತ್ತಾಳೆ. ಕತೆ ಮುಗಿಯಿತು.

ಮೂರು ಫೋನಿನಿಂದಲೂ ಒಂದೇ ಪ್ರಶ್ನೆ ಬಂತು. "ಅಲ್ಲಿವರೆಗೂ ಅಮ್ಮ ಎಲ್ಲಿದ್ರು?"

ಬಾಯಿ ಬಿಡುವಂತಿಲ್ಲ ಎಂಬ ರೂಲ್ ಇದ್ದದ್ದು ಪೆನ್ಸಿಲ್‌ಗೆ ಆಗ ಒಳ್ಳೆಯದೇ ಆಯಿತು. ಏಕೆಂದರೆ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಬಾಟಲಿ, ಮೂರನೇ ಸಾಲು, ಕುರ್ಚಿ ಎಲ್ಲಾ ನಿಜ. ಹೋದ ತಿಂಗಳು ನಡೆದದ್ದು. ಬಲೂನು ಮಾತ್ರ ಸುಳ್ಳು. ನಿಜವಾದ ಅಮ್ಮ ಬರಲೇ ಇಲ್ಲ. ಸಂಜೆ ಕೇಳಿದ್ದಕ್ಕೆ, "ರಜಾ ಕೊಡಲಿಲ್ಲ ಪುಟ್ಟಾ," ಎಂದಿದ್ದಳು. ಪೆನ್ಸಿಲ್ ಒಂದು ವಾರ ಅಮ್ಮನ ಮಾತಿಗೆಲ್ಲ ಬರೀ "ಹೂಂ" "ಊಹೂಂ" ಎಂದು ಉತ್ತರ ಕೊಟ್ಟಿದ್ದಳು.

"ಅದರಲ್ಲಿ ಏನಿತ್ತೋ, ಆ ಮೆಸೇಜಲ್ಲಿ?" ಎಂದು ಈಗ ಕೇಳಿದಳು.

ಬ್ರೇಕ್ ಕಣ್ಣು ಮುಚ್ಚಿ ಪದ್ಯ ಒಪ್ಪಿಸುವವನಂತೆ ಹೇಳಿದ: "ಅಮ್ಮ ಬಸ್ಸಲ್ಲಿ ನಿದ್ದೆ ಮಾಡಿಬಿಟ್ಟಳು ಕೊನೇ ಸ್ಟಾಪಲ್ಲಿ ಎಚ್ಚರ ಆಯ್ತು ವಾಪಸ್ ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು." ಕಣ್ಣು ತೆರೆದ. "ಒಂದು ಫುಲ್‌ಸ್ಟಾಪೂ ಹಾಕಿಲ್ಲ ನೀನು."

ಬೆಲ್ ಹೊಡೆಯಿತು. ಮಧ್ಯಾಹ್ನ ಟೀಚರ್ ಬೋರ್ಡಿನ ಮೇಲೆ ಏನು ಬರೆದರೋ ದೇವರಿಗೇ ಗೊತ್ತು, ಪೆನ್ಸಿಲ್ ಕಣ್ಣಿಗೆ ಒಂದೂ ಬೀಳಲಿಲ್ಲ. ಮನೆಯಲ್ಲಿರುವುದು ಒಂದೇ ಫೋನು. ಅಪ್ಪ ಪೇಂಟಿಂಗ್ ಕೆಲಸಕ್ಕೆ ಬೇರೆ ಊರಿಗೆ ಹೋಗಿ ಹತ್ತು ದಿನವಾಗಿದೆ. ಫೋನು ಸಂಜೆ ಆರರಿಂದ ಏಳರವರೆಗೆ ಪೆನ್ಸಿಲ್ ಕೈಯಲ್ಲಿ, ಉಳಿದ ಹೊತ್ತು ಅಮ್ಮನ ಬ್ಯಾಗಿನಲ್ಲಿ. ಅಂದಮೇಲೆ ಬರೆದವಳು ಅಮ್ಮನೇ. ಅದೇನೋ ಸರಿ. ಆದರೆ ಅಮ್ಮನೂ ಕತೆ ಕಟ್ಟಿದಳೇ? ರೋಬೋಟ್ ಕತೆಗೆ ಸಹಾಯ ಮಾಡಿದ ಹಾಗೆ ಈ ಕತೆಗೂ ಮಾಡಿದಳೇ? ಅಥವಾ ನಿಜ ಹೇಳಿದಳೇ? ನಿಜವಾದರೆ ರಜಾ ಕೊಡಲಿಲ್ಲ ಎಂದದ್ದು ಯಾಕೆ? ಒಂದು ಕಡೆಯಿಂದ ಬಿಡಿಸಿದರೆ ಇನ್ನೊಂದು ಕಡೆ ಗಂಟು ಬೀಳುತ್ತಿತ್ತು.

ಆರು ಗಂಟೆಗೆ ಫೋನು ಕೈಗೆ ಬಂತು. ಬ್ರೇಕ್ ಹೇಳಿದ ಮೆಸೇಜ್ ಹಾಗೇ ಇತ್ತು. ಅದರ ಕೆಳಗೆ ಗೊಂಬೆ ಬರೆದಿದ್ದಳು: "ಇದು ಸ್ವಲ್ಪಾನೂ ಚೆನ್ನಾಗಿಲ್ಲ. ಮಗಳು ಕತೆ ಓದೋ ದಿನ ಯಾವ ಅಮ್ಮ ನಿದ್ದೆ ಮಾಡ್ತಾರೆ? ಯಾರೂ ನಂಬಲ್ಲ." ಅದರ ಕೆಳಗೆ ಅಕ್ಕ: "ರೂಲ್ ಮುರಿದೆ ಕಣೇ. ಆದ್ರೂ ಬಲೂನಿಗಿಂತ ಇದೇ ವಾಸಿ. ಎಲ್ಲಿ ಸಿಕ್ತು ಈ ಐಡಿಯಾ?"

ಅಮ್ಮ ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು. ಆಸ್ಪತ್ರೆಯಲ್ಲಿ ದಿನಕ್ಕೆ ನಾಲ್ಕು ನೂರು ಬೆಡ್‌ಶೀಟ್ ಮಡಚಿ ಬಂದವಳು ಮನೆಯ ಟವೆಲನ್ನೂ ತುದಿಗೆ ತುದಿ ಕೂಡಿಸಿಯೇ ಮಡಚುತ್ತಾಳೆ.

"ಅಮ್ಮ, ಗ್ರೂಪಲ್ಲಿ ನೀನು ಬರೆದ್ಯಾ?"

"ಹೂಂ."

"ಯಾಕೆ?"

"ಕೇಳಿದ್ರಲ್ಲ, ಅಮ್ಮ ಎಲ್ಲಿದ್ರು ಅಂತ. ಮೂರು ಮಕ್ಕಳೂ ಕೇಳಿದಾವೆ. ಎರಡು ದಿನ ಆದ್ರೂ ಯಾರೂ ಉತ್ತರ ಕೊಟ್ಟಿಲ್ಲ. ಪಾಪ, ಕಾಯ್ತಿರ್ತಾವೆ ಅನ್ನಿಸ್ತು."

"ಅಯ್ಯೋ ಅಮ್ಮ, ಅವರು ಕೇಳಿದ್ದು ಕತೆಯೊಳಗಿನ ಅಮ್ಮನ್ನ."

ಅಮ್ಮ ಟವೆಲಿನ ಮಡಿಕೆಯನ್ನು ಅಂಗೈಯಿಂದ ಒತ್ತಿದಳು. "ಅವಳು ಬೇರೆ ಅಮ್ಮನಾ?"

ಪೆನ್ಸಿಲ್ ಫೋನನ್ನೇ ನೋಡಿದಳು. ಬೇರೆ ಎಂದರೆ ಸುಳ್ಳಾಗುತ್ತಿತ್ತು. ಅಲ್ಲ ಎಂದರೆ ಬಲೂನಿನದೇನು?

"ರಜಾ ಕೊಡಲಿಲ್ಲ ಅಂದಿದ್ದೆ ನೀನು," ಎಂದಳು ಕೊನೆಗೆ.

"ರಜಾನೇ ಕೇಳಲಿಲ್ಲ. ಕೇಳಿದ್ರೆ ಕೊಡಲ್ಲ ಅಂತ ಗೊತ್ತಿತ್ತು. ಪಕ್ಕದ ಮೆಷಿನ್ನಿನ ಅಕ್ಕನ ಜೊತೆ ಶಿಫ್ಟ್ ಬದಲಾಯಿಸ್ಕೊಂಡೆ. ಬೆಳಿಗ್ಗೆ ನಾಲ್ಕಕ್ಕೇ ಹೋದೆ." ಅಮ್ಮ ಇನ್ನೊಂದು ಟವೆಲ್ ತೆಗೆದುಕೊಂಡಳು. "ಹನ್ನೆರಡಕ್ಕೆ ಬಸ್ ಹತ್ತಿದೆ. ಬೇಕಾದಷ್ಟು ಟೈಮಿತ್ತು. ಕಿಟಕಿ ಪಕ್ಕದ ಸೀಟು ಬೇರೆ ಸಿಕ್ತು, ಒಳ್ಳೇ ಗಾಳಿ. ಶಾಲೆ ಸ್ಟಾಪಿಗೆ ಇನ್ನೂ ಐದಿದೆ ಅಂತ ಎಣಿಸಿದ್ದು ನೆನಪಿದೆ. ಅಷ್ಟೇ."

ಆ ದಿನ ಬೆಳಿಗ್ಗೆ ಎದ್ದಾಗ ಅಮ್ಮ ಮನೆಯಲ್ಲಿರಲಿಲ್ಲ. ಪೆನ್ಸಿಲ್ ತಾನೇ ಸೊಟ್ಟಗೆ ಜಡೆ ಹಾಕಿಕೊಂಡು ಗೊಣಗಿದ್ದಳು. ಅಮ್ಮ ಯಾಕೆ ಬೇಗ ಹೋದಳು ಎಂದು ಮಾತ್ರ ಯೋಚಿಸಿರಲಿಲ್ಲ.

"ಮತ್ತೆ ಸುಳ್ಳು ಯಾಕೆ ಹೇಳ್ದೆ?"

"ನಿದ್ದೆ ಮಾಡ್ಬಿಟ್ಟೆ ಅಂತ ಮಗಳಿಗೆ ಯಾವ ಬಾಯಲ್ಲಿ ಹೇಳಲಿ? ರಜಾ ಇಲ್ಲ ಅಂದ್ರೆ ನೀನು ನಮ್ಮ ಸೂಪರ್‌ವೈಸರ್‌ನ ಬೈಕೋತೀಯ. ಅವರಿಗೆ ಅಭ್ಯಾಸ ಆಗಿದೆ." ಅಮ್ಮ ನಗಲು ನೋಡಿದಳು. ಅದು ಸರಿಯಾಗಿ ಬರಲಿಲ್ಲ. "ಕತೇಲಿ ಬಲೂನು ತಗೊಂಡು ಓಡಿ ಬಂದೆ ಅಂತ ಓದಿದ್ಮೇಲೆ ಸುಮ್ಮನಿರೋಕೆ ಆಗಲಿಲ್ಲ ಕಣೇ. ನಿನ್ನ ಫ್ರೆಂಡ್ಸ್ ನಂಬಲಿಲ್ಲ ಅಲ್ವಾ? ಬೇಡ ಅಂದ್ರೆ ಅಳಿಸು. ಅಳಿಸೋದು ಹೇಗೆ ಅಂತ ನನಗೆ ಗೊತ್ತಿಲ್ಲ."

ಪೆನ್ಸಿಲ್‌ಗೆ ಕೋಪ ಬಂತು. ಅದರ ಬೆನ್ನಿಗೇ ಅಳು ಬಂತು. ನಿದ್ದೆಯಂತೆ, ತಾನು ಅಲ್ಲಿ ಬಾಟಲಿಗೆ ಕತೆ ಓದುತ್ತಿದ್ದಾಗ ಇವಳಿಗೆ ನಿದ್ದೆಯಂತೆ. ಆದರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋದದ್ದು ಆ ಕತೆಗೋಸ್ಕರವೇ. ಕೋಪಿಸಿಕೊಳ್ಳಬೇಕಾದ್ದು ಯಾರ ಮೇಲೆ ಎಂಬುದೇ ಅವಳಿಗೆ ಗೊತ್ತಾಗಲಿಲ್ಲ. ಕಿಟಕಿ ಸೀಟಿನ ಮೇಲೋ? ಗಾಳಿಯ ಮೇಲೋ?

ಫೋನಿನಲ್ಲಿ ಟೈಪ್ ಮಾಡಿದಳು: "ಅದು ನಾನಲ್ಲ, ನಮ್ಮ ಅಮ್ಮ." ಇಷ್ಟು ಕಳಿಸಿದರೆ ಸಾಕು, ಗ್ರೂಪಿನಲ್ಲೇ ಉಳಿಯಬಹುದು. ಮುಂದಿನ ವಾರ ಗೊಂಬೆಯ ಕತೆ ಬರುವುದಿತ್ತು. ಗೊಂಬೆ ಎರಡು ತಿಂಗಳಿಂದ ಬರೆಯುತ್ತಿದ್ದ ಉದ್ದನೆಯ ಕತೆ, ಪೆನ್ಸಿಲ್ ದಿನ ಎಣಿಸಿ ಕಾಯುತ್ತಿದ್ದದ್ದು. ಆದರೆ ಕಳಿಸಿದರೆ ಬಸ್ಸಿನಲ್ಲಿ ನಿದ್ದೆ ಮಾಡಿದ್ದು ಯಾವ ಅಮ್ಮ ಎಂದು ಗೊಂಬೆಗೂ ಗೊತ್ತಾಗುತ್ತದೆ. ಅಮ್ಮ ಒಂದು ತಿಂಗಳು ಮಗಳ ಹತ್ತಿರವೂ ಹೇಳಲಾಗದೆ ಇಟ್ಟುಕೊಂಡ ಮಾತು ಅದು.

ಒಂದೊಂದೇ ಅಕ್ಷರ ಅಳಿಸಿದಳು. "ಸರಿ. ಎರಡು ವಾರ ಹೊರಗಿರ್ತೀನಿ," ಎಂದು ಕಳಿಸಿ, ತಾನೇ ಕಟ್ಟಿದ ಗ್ರೂಪಿನಿಂದ ಹೊರಗೆ ಬಂದಳು. ಅಮ್ಮನ ಮೆಸೇಜನ್ನು ಅಳಿಸಲಿಲ್ಲ.

ಮರುದಿನ ಬ್ರೇಕ್ ಗೇಟಿನ ಹತ್ತಿರವೇ ಕಾದಿದ್ದ. ಮುಖ ಸ್ವಲ್ಪ ಇಳಿದಿತ್ತು.

"ಎರಡು ವಾರ ಅಂದ್ರೆ ಎರಡು ವಾರನೇ. ಅದು ಬಿಡು. ನಮ್ಮಪ್ಪನ್ನ ಕೇಳ್ದೆ, ಬಸ್ಸಲ್ಲಿ ಹಂಗೆಲ್ಲ ನಿದ್ದೆ ಮಾಡ್ತಾರಾ ಅಂತ. ದಿನಾ ಇಬ್ಬರು ಮೂವರು ಇದ್ದೇ ಇರ್ತಾರಂತೆ. ಡಿಪೋಗೆ ಬಂದು ಹಿಂದೆ ತಿರುಗಿ ನೋಡಿದ್ರೆ ಯಾವುದಾದ್ರೂ ಸೀಟಲ್ಲಿ ಒಂದು ತಲೆ ವಾಲಿರುತ್ತಂತೆ."

"ಆಮೇಲೆ?"

"ಎಬ್ಬಿಸ್ತಾರೆ. ಎದ್ದೋರು ಮೊದಲು ಟೈಮೆಷ್ಟು ಅಂತ ಕೇಳ್ತಾರಂತೆ. ಆಮೇಲೆ ಸಾರಿ ಅಂತಾರಂತೆ. 'ನನಗ್ಯಾಕಪ್ಪ ಸಾರಿ ಹೇಳ್ತಾರೆ, ನನ್ನ ಬಸ್ಸು ಎಲ್ಲಿಗೆ ಬರಬೇಕೋ ಅಲ್ಲಿಗೇ ಬಂದಿರುತ್ತೆ' ಅಂತಾರೆ ನಮ್ಮಪ್ಪ. ಇದನ್ನ ಕತೇಲಿ ಹಾಕ್ಕೋ. ಗೊಂಬೆ ನಂಬ್ತಾಳೆ."

ಪೆನ್ಸಿಲ್ ತಲೆಯಾಡಿಸಿದಳು. ಆ ಸಾರಿ ಯಾರಿಗೆ ಹೇಳಿದ್ದು ಎಂದು ಬ್ರೇಕ್‌ನ ಅಪ್ಪನಿಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡಳು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನೋಟ್‌ಬುಕ್ಕಿನಲ್ಲಿ ಬಲೂನಿನ ಸಾಲನ್ನು ಹೊಡೆದುಹಾಕಿದಳು.

ಭಾನುವಾರ ಅಮ್ಮನ ಜೊತೆ ಶೂ ಕೊಳ್ಳಲು ಪೇಟೆಗೆ ಹೋದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಯಾವಾಗಲೂ ಅದಕ್ಕಾಗಿ ಜಗಳ ತೆಗೆಯುವವಳು ಈಗ, "ನೀನೇ ಕೂತ್ಕೋ," ಎಂದಳು. ಅಮ್ಮ ಅವಳ ಹಣೆ ಮುಟ್ಟಿ ನೋಡಿದಳು, ಜ್ವರಗಿರ ಬಂದಿದೆಯೋ ಎಂದು.

ಎರಡು ಸ್ಟಾಪ್ ಆಗುವಷ್ಟರಲ್ಲಿ ಅಮ್ಮನ ಮಾತು ನಿಂತಿತು. ಮೂರನೆಯದರಲ್ಲಿ ತಲೆ ಕಿಟಕಿಯ ಕಡೆ ವಾಲಿತು. ಕೈಯಲ್ಲಿದ್ದ ಶೂ ಡಬ್ಬಿ ಜಾರತೊಡಗಿತು. ಪೆನ್ಸಿಲ್ ಅದನ್ನು ಮೆಲ್ಲಗೆ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬ್ಲೀಚ್ ಹಾಕಿ ಹಾಕಿ ಅಮ್ಮನ ಬೆರಳ ತುದಿಗಳು ಬಿಳಿಚಿಕೊಂಡಿದ್ದವು.

ಪೆನ್ಸಿಲ್ ಹೊರಗೆ ನೋಡುತ್ತಾ ಸ್ಟಾಪ್ ಎಣಿಸತೊಡಗಿದಳು. ಪೆಟ್ರೋಲ್ ಬಂಕ್. ಅಂಚೆ ಕಚೇರಿ. ಶಾಲೆ. ನೀರಿನ ಟ್ಯಾಂಕ್ ಕಂಡಾಗ ಎಬ್ಬಿಸಲು ಕೈ ಚಾಚಿದಳು. ಇನ್ನೂ ಒಂದು ಸ್ಟಾಪ್ ಇದೆ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಒಂದು ಸ್ಟಾಪ್ ದಾಟುವವರೆಗೂ ಕಣ್ಣು ಮಿಟುಕಿಸಲಿಲ್ಲ.

"ಅಮ್ಮ."

ಅಮ್ಮ ಬೆಚ್ಚಿ ಎದ್ದಳು. "ಟೈಮೆಷ್ಟು?"

"ಲೇಟಾಗಿಲ್ಲ ಅಮ್ಮ," ಎಂದಳು ಪೆನ್ಸಿಲ್. "ನಮ್ಮ ಸ್ಟಾಪೇ."