ಕೃಪಾವತಿ ಸಿಸ್ಟರ್ ಮನೆಯ ಎರಡನೇ ದನಿ

"ಆ ಹಾಡು ಮರತಬಿಡಲೇ ಜಟ್ಟೆಪ್ಪಾ!"

ಮಾತು ಮೇಲಿನಿಂದ ಬಂತು. ನಾನು ಕೆಳಗಿದ್ದೆ... ತಲೆ ಕೆಳಗೆ, ಕಾಲು ಮೇಲೆ!

ಮನೋಳಿಯ ಸೇತುವೆ. ಕೆಳಗೆ ಮಲಪ್ರಭೆ. ಇಬ್ಬರು ಪೈಲ್ವಾನರು ನನ್ನ ಒಂದೊಂದು ಕಾಲು ಹಿಡಿದಿದ್ದರು. ಎಡಗಾಲು ಹಿಡಿದವನ ಕೈ ಬೆವರುತ್ತಿತ್ತು. ನನಗೆ ಅವನದೇ ಚಿಂತೆ.

ಮಾತಾಡಿದವನು ಶಟ್ಟೆಪ್ಪ. ಬೈಲಹೊಂಗಲದಲ್ಲಿ ಪ್ಲಾಟ್ ಹಾಕಿ ಮಾರುವವನು. ಬಿಳಿ ಸಫಾರಿ, ಬಿಳಿ ಜೀಪು, ಮನಸ್ಸು ಮಾತ್ರ ಬೇರೆ ಬಣ್ಣ.

"ಯಾವ ಹಾಡ್ರೀ ಸಾವ್ಕಾರ್ರ?" ಎಂದೆ.

"ನಾಟಕಾ ಮಾಡತಿ? ಆ ನರ್ಸಬಾಯಿದು... ಕ್ರಿಸ್‌ಮಸ್ ಹಾಡು!"

ಕೇಳಿ ಸಾಹೇಬರೇ, ಕಳೆದದ್ದನ್ನು ಹುಡುಕಿ ಕೊಡುವುದು ನನ್ನ ದಂಧೆ. ಕಳುವಾದ ಟ್ರ್ಯಾಕ್ಟರ್ ಸಲುವಾಗಿ ಒದೆ ತಿಂದಿದ್ದೇನೆ. ಓಡಿಹೋದ ಅಳಿಯನ ಸಲುವಾಗಿ ಚಾಕು ನೋಡಿದ್ದೇನೆ. ಆದರೆ ಹಾಡಿನ ಸಲುವಾಗಿ ನನ್ನನ್ನು ಹೊಳೆಗೆ ಹಾಕಲು ಬಂದದ್ದು ಅದೇ ಮೊದಲು!

ಜೇಬಿನಿಂದ ನನ್ನ ಪುಟ್ಟ ಟೇಪ್ ರೆಕಾರ್ಡರ್ ಜಾರಿತು. ಗುಳುಂ! ಹಿಂದೆಯೇ ಬೈಕಿನ ಕೀಲಿ. ಮೂರನೆಯವನು ನಾನೇ ಎಂದುಕೊಂಡೆ.

ಅಷ್ಟರಲ್ಲಿ ಹಾರ್ನ್!

ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ಕೆಂಪು ಬಸ್ಸು. ಸೇತುವೆಗೆ ಅಡ್ಡ ಶಟ್ಟೆಪ್ಪನ ಜೀಪು. ಡ್ರೈವರ್ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಕಿಟಕಿಗಳಿಂದ ತಲೆಗಳು ಹೊರಬಂದವು.

"ಏ, ಯಾರ್ರಿ ಅದು? ಮನಶ್ಯಾನ್ನ ಒಣಗಾಕ ಹಾಕೀರೇನು?" ಎಂದು ಕಂಡಕ್ಟರ್ ಕೂಗಿದ.

ಅಷ್ಟು ಜನರ ಮುಂದೆ ಯಾರನ್ನೂ ಹೊಳೆಗೆ ಹಾಕಲು ಆಗುವುದಿಲ್ಲ. ನನ್ನನ್ನು ಮೇಲೆಳೆದುಕೊಂಡರು. ಶಟ್ಟೆಪ್ಪ ನನ್ನ ಅಂಗಿಯ ಧೂಳು ಝಾಡಿಸಿದ. ನಕ್ಕ.

"ತಮಾಷಿ ಮಾಡಿದ್ವಿ," ಎಂದು ಕಂಡಕ್ಟರನಿಗೆ ಹೇಳಿದ.

ನಾನು ಬಸ್ಸು ಹತ್ತಿದೆ. ಬೈಕು ಸೇತುವೆಯ ಮೇಲೇ ಉಳಿಯಿತು.

ವಿಷಯ ಏನೆಂದು ಈಗ ಹೇಳುತ್ತೇನೆ.

ತೊಂಬತ್ತೇಳನೇ ಇಸವಿ, ಡಿಸೆಂಬರ್. ಕೃಪಾವತಿ ಸಿಸ್ಟರ್ ನನ್ನನ್ನು ಕರೆಸಿದ್ದರು. ಬೈಲಹೊಂಗಲದಲ್ಲಿ ಅವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳದವರು ಯಾರಿದ್ದಾರೆ? ರಿಟೈರ್ ಆದ ನರ್ಸ್. ಮದುವೆ ಇಲ್ಲ. ರಸ್ತೆಗೆ ಹೊಂದಿಕೊಂಡ ದೊಡ್ಡ ಹಳೇ ಮನೆಯಲ್ಲಿ ಒಬ್ಬರೇ.

"ನನ್ನ ತಮ್ಮ ವಿಜಯ ಬಂದಾನಪಾ," ಎಂದರು. "ಮೂವತ್ತ ವರ್ಷದ ಮ್ಯಾಲೆ."

"ಚಲೋ ಆತಲ್ರಿ!"

"ಅಂವಾ ಹೌದೋ ಅಲ್ಲೋ ಗೊತ್ತಾಗವಲ್ದು."

ವಿಜಯ ಹದಿನೆಂಟರ ಹುಡುಗನಾಗಿದ್ದಾಗ ಅಪ್ಪನ ಕೂಡ ಜಗಳಾಡಿ ಮನೆ ಬಿಟ್ಟಿದ್ದ. ಈಗ ಐವತ್ತರ ಹತ್ತಿರದ ಒಬ್ಬ ಮನುಷ್ಯ ಚೀಲ ಹಿಡಿದು ಬಂದು "ಅಕ್ಕಾ" ಅಂದಿದ್ದಾನೆ. ಸತ್ತ ಅಪ್ಪನ ಹೆಸರು, ಅವ್ವನ ಹೆಸರು, ನಾಯಿಯ ಹೆಸರು... ಎಲ್ಲಾ ಹೇಳುತ್ತಾನೆ. ಮನೆಯಲ್ಲಿ ವಿಜಯನಿಗೂ ಅರ್ಧ ಪಾಲು ಇತ್ತು. ಮನೆ ಮಾರೋಣ, ಬೆಳಗಾವಿಯಲ್ಲಿ ಇಬ್ಬರೂ ಕೂಡಿ ಇರೋಣ ಎನ್ನುತ್ತಾನೆ. ಕೊಳ್ಳಲು ತಯಾರಾಗಿ ನಿಂತವನು ಶಟ್ಟೆಪ್ಪ!

"ಅಂವಾ ವಿಜಯನ ಆಗಿದ್ರ ಮನಿ ಹೋದ್ರೂ ಚಿಂತಿಲ್ಲ," ಎಂದರು ಸಿಸ್ಟರ್. "ಅಲ್ಲಂದ್ರ... ಮನೀನೂ ಹೋತು, ತಮ್ಮನೂ ಹೋದ."

"ಹೆಂಗ ಪತ್ತೆ ಹಚ್ಚಬೇಕ್ರಿ?"

"ಹಾಡು."

ಪ್ರತಿ ವರ್ಷ ಕ್ರಿಸ್‌ಮಸ್ ಹಿಂದಿನ ಸಂಜೆ ಅವರ ಮನೆಯಲ್ಲಿ ಒಂದು ಹಾಡು. ಚರ್ಚಿನವರೆಲ್ಲ ತಲೆತಲಾಂತರದಿಂದ ಹಾಡುವ ಹಳೆಯದೇ. ಆದರೆ ಅಪ್ಪ ಎರಡು ದನಿಗೆ ಕಲಿಸಿದ್ದ. ಮೇಲಿನ ದನಿ, ಎಲ್ಲರಿಗೂ ಗೊತ್ತಿರುವ ಧಾಟಿ, ಅಕ್ಕನದು. ಕೆಳಗೆ ಜೊತೆ ಕೊಡುವ ಎರಡನೇ ದನಿ ತಮ್ಮನದು. ಅಪ್ಪನ ಶಿಸ್ತು ಹೇಗಂದರೆ, ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಒಬ್ಬರಿಗೆ ಕಲಿಸುವಾಗ ಇನ್ನೊಬ್ಬರು ಹಿತ್ತಲಿಗೆ ಹೋಗಬೇಕು. ಒಬ್ಬರ ದನಿ ಇನ್ನೊಬ್ಬರ ಕಿವಿಗೆ ಬಿದ್ದರೆ ಗೊಂದಲ ಆಗುತ್ತದಂತೆ. ಹೀಗಾಗಿ ಅಕ್ಕನಿಗೆ ತಮ್ಮನ ಪಾಲು ಪೂರಾ ಗೊತ್ತಿಲ್ಲ.

"ಮೊದಲನೇ ಸಾಲಿಂದು ನೆನಪೈತಿ," ಎಂದರು. "ಎರಡನೇ ಸಾಲಿನ ಕಡೀಗೆ ಬಂದ್ರ ನನ್ನ ದನಿ ಬಿಟ್ಟು ಮತ್ತೇನೂ ನೆನಪಾಗವಲ್ದು. ಎಷ್ಟ ತಲಿ ಕೆರಕೊಂಡೆ ಗೊತ್ತೇನು!"

ಆಮೇಲೆ ತಲೆ ತಗ್ಗಿಸಿದರು. "ಇಷ್ಟ ವರ್ಷ ಒಬ್ಬಾಕೀನ ಹಾಡೇನಿ ಜಟ್ಟೆಪ್ಪಾ. ಅದು ಒಬ್ಬರ ಹಾಡುವಂಥಾ ಹಾಡಲ್ಲ."

ನಾನೂ ಒಬ್ಬನೇ. ವೆಲ್ಡಿಂಗ್ ಅಂಗಡಿಯ ಮೇಲಿನ ಖೋಲಿ, ಖಾನಾವಳಿಯ ಊಟ. ಹಬ್ಬದ ದಿನ ಖಾನಾವಳಿ ಬಂದ್ ಇರುತ್ತದೆ. ಅವತ್ತು ಬಾಳೆಹಣ್ಣು.

ತಮ್ಮ ಎನ್ನುವವನನ್ನು ನೋಡಿದೆ. ನಯವಾದ ಮುಖ, ನಯವಾದ ಮಾತು. ಸಿಸ್ಟರ್ ಹೇಳಿದಾಗ ಎರಡನೇ ದನಿ ಹಾಡಿದ. ದನಿ ಏನು ಸಾಹೇಬರೇ! ಬೆಣ್ಣೆ! ಅದನ್ನು ಟೇಪ್ ಮಾಡಿಕೊಂಡು ಕಿತ್ತೂರಿಗೆ ಹೋದೆ.

ಅಲ್ಲಿ ಎಲೀಷಪ್ಪ ಮಾಸ್ತರರು. ಚರ್ಚಿನಲ್ಲಿ ಹಾಡು ಕಲಿಸುತ್ತಿದ್ದ ವಯಸ್ಸಾದ ಕಾಯರ್ ಮಾಸ್ತರು, ಸಿಸ್ಟರ್ ಅಪ್ಪನ ಗೆಳೆಯರು. ಕಣ್ಣು ಮುಚ್ಚಿ ಕೇಳಿದರು.

"ಎಲ್ಲೂ ತಪ್ಪಿಲ್ಲ. ಚರ್ಚಿನ ಹಾಡಿನ ಪುಸ್ತಕದಾಗ ಹೆಂಗೈತೋ ಹಂಗ ಹಾಡ್ಯಾನ."

ಬೇರೆ ಯಾರಾದರೂ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರು. ನನಗೆ ಸಂಶಯ ಶುರುವಾದದ್ದೇ ಅಲ್ಲಿ! ಮನೆಯಲ್ಲಿ ಅಪ್ಪನಿಂದ ಕಲಿತ ಹುಡುಗ, ಮೂವತ್ತು ವರ್ಷ ಊರೂರು ಅಲೆದವನು... ಅವನ ಹಾಡು ಪುಸ್ತಕದಂತೆ ಇರುತ್ತದೆಯೇ? ನಮ್ಮವ್ವ ಕಲಿಸಿದ ಪದಗಳನ್ನು ನಾನು ಹೇಳಿದರೆ ಅರ್ಧಕ್ಕರ್ಧ ತಪ್ಪು. ಮನೆಯ ಹಾಡೆಂದರೆ ಹಾಗೇ ಅಲ್ಲವೇ?

"ವಿಜಯ ಮನಿ ಬಿಟ್ಟು ಎಲ್ಲಿ ಹೋದ್ರಿ?" ಎಂದು ಕೇಳಿದೆ.

ಮಾಸ್ತರರು ಬಾಗಿಲ ಕಡೆ ನೋಡಿದರು. "ಇಮಾಮಹುಸೇನ ಅಂತ ಡ್ರೈವರ್ ಇದ್ದ. ಅವನ ಗಾಡಿ ಹತ್ತಿದ್ದು ನಾನ ನೋಡೇನಿ. ಸವದತ್ತಿ ಕಡೆಯಾಂವ."

"ಸಿಸ್ಟರ್‌ಗೆ ಯಾಕ ಹೇಳ್ಲಿಲ್ರಿ?"

"ಅವರಪ್ಪ ಹೇಳಬ್ಯಾಡ ಅಂದಿದ್ದ. ಅಂವಾ ತೀರಿಕೊಂಡ ಮ್ಯಾಲೆ... ಯಾರೂ ಕೇಳ್ಲಿಲ್ಲ."

ಯಾರೂ ಕೇಳಲಿಲ್ಲವಂತೆ! ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಮುದುಕನನ್ನು ಬೈದು ಏನು ಮಾಡಲಿ? ಅವರು ಕೊಟ್ಟ ಚಹಾ ಕುಡಿದು ಹೊರಬಿದ್ದೆ.

ಸವದತ್ತಿಯಲ್ಲಿ ಗ್ಯಾರೇಜಿನವರು ಹೇಳಿದರು, ಇಮಾಮಹುಸೇನ ರಾಮದುರ್ಗಕ್ಕೆ ಹೋಗಿ ಮಗ್ಗ ಹಾಕಿದನೆಂದು. ಅಲ್ಲಿಂದಲೇ ಬಿಳಿ ಜೀಪು ಬೆನ್ನು ಹತ್ತಿತು. ಆಮೇಲೆ ಮನೋಳಿಯ ಸೇತುವೆ... ಅಲ್ಲಿ ಆದದ್ದು ಹೇಳಿದೆನಲ್ಲ.

ರಾಮದುರ್ಗ. ನೇಕಾರರ ಓಣಿ. ಎಲ್ಲ ಮನೆಗಳಿಂದಲೂ ಮಗ್ಗದ ಸದ್ದು. ಇಮಾಮಹುಸೇನ ಬದುಕಿರಲಿಲ್ಲ. ಹೆಂಡತಿ ಬೇಗಂಬಿ ಇದ್ದಳು. ಹೊಸ್ತಿಲಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

"ವಿಜಯ ಅಂತ ಒಬ್ಬಾಂವ ಇದ್ನೇನಬೇ ಇಲ್ಲಿ?"

ಅವಳ ಕೈ ನಿಂತಿತು.

"ಯಾರ್ ನೀನು? ಅವರ ಮನಿಯಾಂವೇನು?"

"ಅವರಕ್ಕ ಕಳಿಸ್ಯಾರ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟೋ ದುಃಖವೋ ತಿಳಿಯಲಿಲ್ಲ. "ಇಷ್ಟ ತಡಾ ಮಾಡಿದ್ರಲ್ಲಪ್ಪಾ," ಎಂದಳು.

ವಿಜಯ ಆ ಮನೆಯ ಮಗ್ಗದ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದ. ಒಮ್ಮೆ ಬೈಲಹೊಂಗಲಕ್ಕೆ ಹೋಗಿದ್ದನಂತೆ. ಅಕ್ಕ ನರ್ಸ್ ಕೆಲಸದ ಮೇಲೆ ಮಿರಜಿನಲ್ಲಿದ್ದಳು. ಅಪ್ಪ ಬಾಗಿಲು ತೆಗೆಯಲಿಲ್ಲ. ತಿರುಗಿ ಬಂದವನು ಮತ್ತೆ ಹೋಗಲಿಲ್ಲ. ಎದೆಯ ರೋಗಕ್ಕೆ ಸತ್ತ. ಇಮಾಮಹುಸೇನನೇ ಪಾದ್ರಿಯನ್ನು ಕರೆತಂದು ಮಣ್ಣು ಮಾಡಿಸಿದ್ದ.

ಹಾಗಾದರೆ ಬೈಲಹೊಂಗಲದಲ್ಲಿ ಕುಳಿತು ಅಕ್ಕನ ಕೈಯ ರೊಟ್ಟಿ ತಿನ್ನುತ್ತಿರುವವನು ಯಾರು?

ಆದರೆ ಸಿಸ್ಟರ್ ನನ್ನ ಬಾಯಿಮಾತು ನಂಬಬೇಕಲ್ಲ! ಶಟ್ಟೆಪ್ಪ ಅದೇ ಹೆಸರಿನ ಬೇರೆ ಯಾರೋ ಸತ್ತಿರಬೇಕು ಎನ್ನುತ್ತಾನೆ. ಬಾ ಎಂದು ಕರೆದರೆ ಬೇಗಂಬಿಗೆ ಹೊಸ್ತಿಲು ದಾಟುವಷ್ಟೂ ಕಾಲಿಗೆ ಬಲವಿಲ್ಲ.

"ಹಾಡು ಏನರ ಹಾಡತಿದ್ನೇನಬೇ?"

"ಹಾಡದ ಬಿಡತಿದ್ದಿಲ್ಲ! ಮಗ್ಗದ ಮ್ಯಾಲೆ ಕುಂತ್ರ ಅದ ಒಂದ. ನಮಗ ತಲಿ ಬ್ಯಾನಿ."

ಅವಳು ಹಾಡಿದಳು. ಹಲ್ಲಿಲ್ಲದ ಬಾಯಿ, ಶಬ್ದಗಳು ಅರ್ಧಂಬರ್ಧ. ಆದರೆ ಧಾಟಿ ಗಟ್ಟಿ. ಮೊದಲನೇ ಸಾಲು ಟೇಪಿನಲ್ಲಿ ಕೇಳಿದಂತೆಯೇ ಬಂತು. ಎರಡನೇ ಸಾಲಿನ ಕೊನೆ...

ಅವಳು ಸುಮ್ಮನಾದಳು.

ಮರೆತಳು ಎಂದುಕೊಂಡೆ. ಆದರೆ ಬೆರಳು ನೆಲದ ಮೇಲೆ ತಾಳ ಹಾಕುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿಕೊಂಡಳು.

"ನಡುವ ಯಾಕ ಬಿಟ್ಟಿ?"

"ಅಂವಾ ಬಿಡತಿದ್ದ. ಅವರಪ್ಪನ ಪೇಟಿಯೊಳಗ ಕೆಳಗಿನ ಸ್ವರದ ಎರಡ ಮನಿ ಕೆಟ್ಟಿದ್ದುವಂತ. ಒತ್ತಿದ್ರ ದನಿ ಇಲ್ಲ. ಪೇಟಿ ಹೆಂಗ ನುಡೀತದ ಹಂಗ ಹಾಡು ಅಂತ ಅವರಪ್ಪನ ಹುಕುಂ. ಪೇಟಿ ಸುಮ್ಮನಾದ್ರ ಈ ಹುಚ್ಚನೂ ಸುಮ್ಮನಾಗಾಂವ!"

ನಾನು ಎದ್ದು ನಿಂತುಬಿಟ್ಟೆ. ಸಿಸ್ಟರ್ ಏನೂ ಮರೆತಿರಲಿಲ್ಲ, ಸಾಹೇಬರೇ! ಅಲ್ಲಿ ನೆನಪಿಟ್ಟುಕೊಳ್ಳಲು ಏನೂ ಇರಲೇ ಇಲ್ಲ!

"ಅರ್ಧಾ ಹಾಡು ಯಾಕ ಹಾಡತಿ ಅಂತ ನಮ್ಮವರು ಕೇಳತಿದ್ರು," ಎಂದಳು ಬೇಗಂಬಿ. "ಅರ್ಧಾ ಅಲ್ಲ, ಅಲ್ಲೆ ನಮ್ಮಕ್ಕ ಹಾಡಾಕತ್ಯಾಳ, ನಾ ಕೇಳಾಕತ್ತೇನಿ ಅಂತಿದ್ದ."

ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಮಗ್ಗದ ಕಡೆ ತಿರುಗಿ ನಿಂತೆ. ನನಗೂ ಕಣ್ಣು ತುಂಬಿತ್ತು, ಸುಳ್ಳು ಯಾಕೆ ಹೇಳಲಿ!

ಟೇಪ್ ರೆಕಾರ್ಡರ್ ಹೊಳೆಯಲ್ಲಿತ್ತು. ಗಂಟಲಲ್ಲೇ ಒಯ್ಯಬೇಕು. ಬೇಗಂಬಿ ಹೇಳಿಕೊಟ್ಟಳು, ನಾನು ಒದರಿದೆ. ಅಕ್ಕಪಕ್ಕದ ಮಗ್ಗಗಳು ನಿಂತವು. ಜನ ಬಾಗಿಲಿಗೆ ಬಂದು ನಕ್ಕರು. ನಗಲಿ! ಮತ್ತೆ ಮತ್ತೆ ಹಾಡಿದೆ. ತಿರುಗಿ ಬರುವ ಬಸ್ಸಿನಲ್ಲೂ ಗುನುಗುತ್ತಲೇ ಇದ್ದೆ. ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಸಾಲಹಳ್ಳಿ ಸ್ಟಾಪಿನಲ್ಲಿ ಬಿಳಿ ಜೀಪು ಕಾದಿತ್ತು!

ಮುಂದಿನ ಬಾಗಿಲಿಂದ ಪೈಲ್ವಾನರು ಹತ್ತಿದರು. ನಾನು ಹಿಂದಿನ ಬಾಗಿಲಿಂದ ಹಾರಿದೆ. ಜೋಳದ ಹೊಲದಲ್ಲಿ ಓಟ. ಬೆನ್ನಟ್ಟಿದರು. ಒಬ್ಬ ಕಾಲರ್ ಹಿಡಿದ. ಗಂಟಲಿಗೇ ಗುದ್ದಿದ!

"ಈಗ ಹಾಡಲೇ ಮಗನ!"

ಹಾಡಲು ಹೋಗಲಿ, ಉಸಿರಾಡಲೂ ಆಗಲಿಲ್ಲ. ಒಂದು ಹಿಡಿ ಮಣ್ಣು ಅವನ ಕಣ್ಣಿಗೆ ಎಸೆದೆ. ಆಚೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು. ಟ್ರೇಲರ್ ಹಿಡಿದು ಮೇಲೆ ಹತ್ತಿದೆ. ಕಬ್ಬಿನ ನಡುವೆ ಮುಖ ಹುದುಗಿಸಿ, ಬಾಯಿ ಮುಚ್ಚಿಕೊಂಡು, ತಲೆಯೊಳಗೇ ಹಾಡುತ್ತ ಬಂದೆ. ಎಲ್ಲಿ ಮರೆತುಬಿಡುತ್ತೇನೋ ಎಂದು ಮತ್ತೆ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ.

ಮರುದಿನ ಕ್ರಿಸ್‌ಮಸ್ ಹಿಂದಿನ ಸಂಜೆ. ಸಿಸ್ಟರ್ ಮನೆ. ಬಾಗಿಲಿಗೆ ಕಾಗದದ ನಕ್ಷತ್ರ, ಒಳಗೆ ಕರ್ಚಿಕಾಯಿಯ ವಾಸನೆ. ಕುರ್ಚಿಯಲ್ಲಿ ಶಟ್ಟೆಪ್ಪ. ಹಾಡು ಮುಗಿದ ಮೇಲೆ ಸಹಿ ಎಂದು ಸಿಸ್ಟರ್ ಮಾತು ಕೊಟ್ಟಿದ್ದರು. ನನ್ನನ್ನು ನೋಡಿ ಅವನ ಮುಖ ಕಪ್ಪಿಟ್ಟಿತು.

"ಸಿಕ್ತೇನಪಾ?" ಎಂದರು ಸಿಸ್ಟರ್.

"ಸಿಕ್ತ್ರಿ. ನೀವು ಸುರು ಮಾಡ್ರಿ, ನಾ ಎರಡನೇ ದನಿ ಹಾಡತೇನಿ."

ಶಟ್ಟೆಪ್ಪ ಗಹಗಹಿಸಿ ನಕ್ಕ. ತಮ್ಮ ಎನ್ನುವವನು ನಗಲಿಲ್ಲ.

ಸಿಸ್ಟರ್ ಎತ್ತಿದರು. ನಾನು ಕೂಡಿದೆ. ಗುದ್ದು ತಿಂದ ಗಂಟಲು, ಕಪ್ಪೆಯ ದನಿ! ನನಗೇ ನಾಚಿಕೆಯಾಯಿತು. ಮೊದಲನೇ ಸಾಲು ಹೇಗೋ ದಾಟಿತು. ಎರಡನೇ ಸಾಲಿನ ಕೊನೆ ಬಂತು...

ನಾನು ಬಾಯಿ ಮುಚ್ಚಿದೆ.

ಸಿಸ್ಟರ್ ದನಿಯೊಂದೇ ಮನೆ ತುಂಬ ಹೋಯಿತು. ಅವರು ನನ್ನ ಕಡೆ ನೋಡಿದರು. ದನಿ ನಿಂತಿತು.

"ಇಲ್ಲೆ ಅಂವಾ ಸುಮ್ಮನಿರತಿದ್ದ," ಎಂದರು. "ಗಲ್ಲ ಉಬ್ಬಿಸಿಕೊಂಡು... ನನ್ನ ಮಾರಿ ನೋಡಕೋತ... ಅಯ್ಯ ದೇವರ! ಇಲ್ಲೆ ಅಂವಾ ಹಾಡತಿದ್ದಿಲ್ಲ!"

"ಏ, ಸುಮ್ಮ ಕುಂತದ್ದೂ ಒಂದು ಸಾಕ್ಷೇನಲೇ?" ಎಂದು ಶಟ್ಟೆಪ್ಪ ಕುರ್ಚಿಯಿಂದ ಎದ್ದ.

"ಶಟ್ಟೆಪ್ಪಾ, ನೀ ನಡಿ," ಎಂದರು ಸಿಸ್ಟರ್. "ಸಹಿ ಇಲ್ಲ. ಕೂಗ್ಯಾಡಿದ್ರ ಓಣಿ ಮಂದೀನ ಕರೀತೇನಿ. ಅರ್ಧಾ ಮಂದಿ ನನ್ನ ಕೈಯಾಗ ಹುಟ್ಟ್ಯಾರ."

ಅವನು ಹೋದ. ಜೀಪಿನ ಸದ್ದು ದೂರವಾಯಿತು.

ಆಮೇಲೆ ನಾನು ಹೇಳಬೇಕಾದದ್ದು ಹೇಳಿದೆ. ರಾಮದುರ್ಗ, ಮಗ್ಗ, ಮುಚ್ಚಿದ ಬಾಗಿಲು, ಮಣ್ಣು. ಅಲ್ಲೆ ನಮ್ಮಕ್ಕ ಹಾಡಾಕತ್ಯಾಳ ಎಂದದ್ದನ್ನೂ ಹೇಳಿದೆ. ಅವರು ಅಳಲಿಲ್ಲ. ಮೇಜಿನ ಮೇಲೆ ಹಾಕಿಟ್ಟ ಎರಡು ತಾಟುಗಳನ್ನೇ ನೋಡುತ್ತ ಕುಳಿತರು. ಇಷ್ಟು ಸಂಕಟದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ.

ಮೋಸಗಾರ ಚೀಲ ತೆಗೆದುಕೊಂಡು ಗೋಡೆ ಹಿಡಿದು ಹೊರಟಿದ್ದ. ನಾನು ಅಡ್ಡ ನಿಂತೆ.

"ಯಾರಲೇ ನೀನು?"

"ನಾಟಕ ಕಂಪನಿಯಾಗ ಹಾಡತಿದ್ನಿರಿ. ಕಂಪನಿ ಮುಚ್ಚೇತ್ರಿ. ಶಟ್ಟೆಪ್ಪ ಸಾವ್ಕಾರ್ರು ಎಲ್ಲಾ ಹೇಳಿಕೊಟ್ಟು ಕಳಿಸಿದ್ರು. ನನಗ ಯಾರೂ ಇಲ್ರಿ..."

ಕೈ ಎತ್ತಿದೆ. ಹಲ್ಲು ಉದುರಿಸಬೇಕೆಂದೇ!

"ಜಟ್ಟೆಪ್ಪಾ, ಬಿಡು ಅವನ್ನ," ಎಂದರು ಸಿಸ್ಟರ್. ಅವನತ್ತ ತಿರುಗಿದರು. "ಎರಡನೇ ಸಾಲಿನ ಕಡೀಗೆ ಸುಮ್ಮನಿರಬೇಕು. ತಿಳೀತೇನು? ಊಟಕ್ಕಿಂತ ಮೊದಲ ಒಂದ ಸಲ ಹಾಡೂಣು. ನಾಳೆ ಮುಂಜಾನೆ ನಿನ್ನ ಹಾದಿ ನೀ ಹಿಡಿ."

ಅವನು ಚೀಲ ಕೆಳಗಿಟ್ಟ.

ಹಾಡಿದರು. ನಾನು ಅಂಗಳದಲ್ಲಿ ನಿಂತು ಕೇಳಿದೆ. ಬೆಣ್ಣೆಯಂಥ ದನಿ ಅಕ್ಕನ ದನಿಯ ಕೆಳಗೆ ಹೋಯಿತು. ಸರಿಯಾದ ಜಾಗದಲ್ಲಿ ಸುಮ್ಮನಾಯಿತು. ಸರಿಯಾದ ಜಾಗದಲ್ಲಿ ಮತ್ತೆ ಬಂತು. ಒಳಗೆ ಎರಡೇ ತಾಟು ಇದ್ದವು. ನಾನು ಗೇಟು ಹಾಕಿಕೊಂಡು ಖೋಲಿಯ ಕಡೆ ನಡೆದೆ.

ಏನು ಮಾಡುವುದು ಸಾಹೇಬರೇ... ನಿಜ ಹುಡುಕಿ ತಂದವನು ನಾನು, ಹಾಡಲು ಬರುತ್ತಿದ್ದದ್ದು ಆ ಕಳ್ಳನಿಗೆ!