ಗೇಟಿನ ಈಚೆ ನಿಂತವನು

ವೃಷಭ ಗೇಟಿನ ಒಳಗೆ ಕಾಲಿಡುವುದಿಲ್ಲ ಎಂಬುದೊಂದೇ ಅನುಜಾಳಿಗೆ ಅವನ ಮೇಲಿದ್ದ ಸಿಟ್ಟು. ಉಳಿದದ್ದೆಲ್ಲಾ ಪ್ರೀತಿಯೇ.

ಸಾಂಗ್ಲಿಯ ಪಕ್ಕದ ಕುಪವಾಡದಲ್ಲಿ, ಎಂಐಡಿಸಿ ಕಾರ್ಖಾನೆಗಳ ಆಚೆ, ಒಂದು ಟ್ರಸ್ಟಿನವರು ನಡೆಸುತ್ತಿದ್ದ ರಿಮಾಂಡ್ ಹೋಮ್ ಇತ್ತು. ಕಳವು, ಹೊಡೆದಾಟ ಅಂತ ಪೊಲೀಸರು ಹಿಡಿದು ತಂದ ಹುಡುಗರಿಗೆ ಅವಳು ಅಲ್ಲಿ ವಾರಕ್ಕೊಮ್ಮೆ ಚಿತ್ರ ಕಲಿಸುತ್ತಿದ್ದಳು. ಬಣ್ಣದ ಡಬ್ಬಿಗಳನ್ನು ಬಸ್‌ಸ್ಟಾಪಿನಿಂದ ಗೇಟಿನವರೆಗೆ ಲೂನಾದ ಮೇಲೆ ತರುವವನು ವೃಷಭ. ಹತ್ತಿರದಲ್ಲೇ ಅವನ ವೆಲ್ಡಿಂಗ್ ಶಾಪ್. ಸಾಂಗ್ಲಿಯಲ್ಲಿ ಅಪಾರ್ಟ್‌ಮೆಂಟುಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಕಿಟಕಿ ಗ್ರಿಲ್ ಮಾಡುವವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಆದರೂ ಅವಳ ಕ್ಲಾಸಿನ ದಿನ ಶಟರ್ ಬೇಗ ಇಳಿಯುತ್ತಿತ್ತು.

“ಒಳಗ ಬಂದ್ರ ಹುಡುಗರು ನಿಮ್ಮನ್ನ ನುಂಗತಾರೇನ್ರಿ?” ಎಂದು ಅವಳು ಕೆಣಕುವಳು.

“ನುಂಗವರು ನೀವು. ಆ ಕಣ್ಣಿಂದ,” ಎಂದು ಅವನು ಡಬ್ಬಿ ಕೊಡುವ ನೆಪದಲ್ಲಿ ಬೆರಳು ತಾಗಿಸುವನು. ಗೇಟು ಮಾತ್ರ ದಾಟುತ್ತಿರಲಿಲ್ಲ.

ಮನೆಯಲ್ಲಿ ಮದುವೆಗೆ ಒಪ್ಪಿಗೆ ಸಿಕ್ಕಿತ್ತು. ಅವಳಪ್ಪ ಭೂಪಾಲ ಅರಿಶಿನದ ವ್ಯಾಪಾರಿ, ಹೆಣ್ಣು ಕೊಡುವ ಮುಂಚೆ ಏಳು ತಲೆಮಾರು ಜಾಲಾಡುವ ಮನುಷ್ಯ. ವೃಷಭನಿಗೋ ಹಿಂದೆ ಮುಂದೆ ಯಾರೂ ಇಲ್ಲ. ಅವನನ್ನು ಗೆಲ್ಲಿಸಿದ್ದು ಒಂದು ಊಟ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಈಗಿನ ಹುಡುಗರು ಅದನ್ನೆಲ್ಲಾ ಗಾಳಿಗೆ ತೂರಿರುವಾಗ, ಇವನು ಕಿಟಕಿಯ ಬೆಳಕನ್ನೇ ನೋಡುತ್ತಾ ಗಬಗಬ ಉಂಡು, ದೀಪ ಹತ್ತುವ ಮುಂಚೆ ತಾಟು ಖಾಲಿ ಮಾಡಿದ್ದ. ಅಜ್ಜಿ ಸಖುಬಾಯಿ ಕರಗಿ ನೀರಾದಳು. ಇಷ್ಟು ಧರ್ಮ ಪಾಲಿಸುವವನ ಮನೆತನ ಕೇಳಬೇಕೇ ಎಂದು ಮಗನ ಬಾಯಿ ಮುಚ್ಚಿಸಿದಳು.

ಆ ವರ್ಷ ಮಕ್ಕಳ ನ್ಯಾಯಕ್ಕೆ ಹೊಸ ಕಾಯಿದೆ ಬಂದಿತ್ತು. ಅನುಜಾ ಮಿರಜಿನಲ್ಲಿ ಹುಡುಗರ ಚಿತ್ರಗಳ ಪ್ರದರ್ಶನ ಇಟ್ಟುಕೊಂಡಳು. ಆ ಕಾಯಿದೆಯಂತೆ ರಚನೆಯಾದ ಬಾಲನ್ಯಾಯ ಮಂಡಳಿಯ ಸದಸ್ಯೆ ಬರಲು ಒಪ್ಪಿದರು. ಆ ಹೋಮಿನಲ್ಲಿ ಕತ್ತಲಾಗುತ್ತಲೇ ಹುಡುಗರನ್ನೆಲ್ಲಾ ಒಂದೇ ಕೋಣೆಗೆ ತಳ್ಳಿ, ದೀಪ ಆರಿಸಿ, ಬೀಗ ಜಡಿಯುತ್ತಿದ್ದರು. ಜ್ವರ ಬಂದರೂ ಬೆಳಗಿನವರೆಗೆ ಬಾಗಿಲು ತೆರೆಯುತ್ತಿರಲಿಲ್ಲ. ಹುಡುಗರು ಬರೆದ ಚಿತ್ರಗಳಲ್ಲೆಲ್ಲಾ ಆ ಬಾಗಿಲೇ. ಆದರೆ ಚಿತ್ರ ಸಾಲದು, ಯಾರಾದರೂ ಬಾಯಿಬಿಟ್ಟು ಹೇಳಬೇಕು ಎಂದಿದ್ದರು ಸದಸ್ಯೆ. ಒಳಗಿನ ಹುಡುಗರು ಹೇಳಿದರೆ ಸಂಜೆಗೆ ಅದೇ ಕೋಣೆಗೆ ಮರಳಬೇಕು. ಹಿಂದೆ ಅಲ್ಲಿದ್ದು ಈಗ ದೊಡ್ಡವನಾದ ಒಬ್ಬನಾದರೂ ಸಿಗಬಾರದೇ ಎಂದು ಅನುಜಾ ವೃಷಭನೆದುರು ಹಲುಬಿದಳು.

ಅವನು ಲೂನಾದ ಸ್ಟ್ಯಾಂಡ್ ಹಾಕಿದ, ತೆಗೆದ, ಮತ್ತೆ ಹಾಕಿದ.

“ನಾ ಇದ್ದೆ,” ಎಂದ. “ತಾಮ್ರದ ವಾಯರ್ ಕದ್ದಿದ್ದೆ. ಖರೇನ ಕದ್ದಿದ್ದೆ.”

ಉಳಿದದ್ದನ್ನು ಗೇಟಿಗೆ ಬೆನ್ನು ಮಾಡಿ ಹೇಳಿದ. ದೀಪ ಆರುವುದರೊಳಗೆ ಉಣ್ಣದಿದ್ದರೆ ಕತ್ತಲಲ್ಲಿ ದೊಡ್ಡ ಹುಡುಗರು ತಾಟು ಕಿತ್ತುಕೊಳ್ಳುತ್ತಿದ್ದರು. ಆ ಭಯ ಇನ್ನೂ ಹೋಗಿಲ್ಲ. ಅಜ್ಜಿ ಧರ್ಮವೆಂದು ಮೆಚ್ಚಿದ್ದು ಆ ಭಯವನ್ನು. ನಿಜ ಹೇಳಿದರೆ ಅನುಜಾ ಕೈತಪ್ಪುತ್ತಾಳೆಂದು ಅವನು ಇಷ್ಟು ದಿನ ಮುಚ್ಚಿಟ್ಟಿದ್ದ.

ಅವಳಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಜೊತೆಗೇ ಹೆದರಿಕೆಯೂ ಆಯಿತು. ಇವನು ಮಾತಾಡಿದರೆ ಅಪ್ಪ ಮದುವೆ ಮುರಿಯುತ್ತಾನೆ. ಮಾತಾಡದಿದ್ದರೆ ಆ ಬೀಗ ಹಾಗೇ ಇರುತ್ತದೆ. ಅತ್ತ ದರಿ, ಇತ್ತ ಪುಲಿ. ಅಲ್ಲಿದ್ದವನೊಬ್ಬ ಸಿಗಲಿ ಎಂದು ಹಲುಬಿದವಳೂ ತಾನೇ.

“ನೀವು ಬ್ಯಾಡ ಅಂದ್ರ ಮಾತಾಡೂದಿಲ್ಲ,” ಎಂದ ಅವನು. “ಈ ಜನ್ಮದಾಗ ಮತ್ತ ಅದರ ಸುದ್ದಿ ತಗಿಯೂದಿಲ್ಲ.”

ಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು ಬಸ್‌ಸ್ಟಾಪಿಗೆ ನಡೆದು ಬಸ್ಸು ಹತ್ತಿದಳು. ಆಮೇಲೆ ಸ್ವಂತ ಮನೆಯೇ ಅವಳಿಗೆ ಇಕ್ಕಟ್ಟಾಯಿತು. ಅಜ್ಜಿ ಮದುವೆಯ ಸೀರೆಗಳನ್ನು ಹೆಗಲಿಗೆ ಹಾಕಿ ನೋಡುವಾಗ, ಅಪ್ಪ ಅಳಿಯನ ಗುಣಗಾನ ಮಾಡುವಾಗ, ಅವಳು ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು.

ಪ್ರದರ್ಶನದ ದಿನ ನಿರೂಪಣೆ ಅವಳದೇ. ಮುಂದಿನ ಸಾಲಿನಲ್ಲಿ ಅಪ್ಪ, ಅಜ್ಜಿ. ಪಕ್ಕದಲ್ಲಿ ಹೋಮಿನ ಸೂಪರಿಂಟೆಂಡೆಂಟರು ಅಪ್ಪನಿಗೆ ಅಡಿಕೆ ಹೋಳು ಕೊಡುತ್ತಿದ್ದರು. ಕೊನೆಯ ಸಾಲಿನಿಂದ ವೃಷಭ ಅವಳನ್ನೇ ನೋಡುತ್ತಿದ್ದ. ಕೆಣಕುವ ನೋಟವಲ್ಲ, ನೀವು ಹೇಳಿದಂತೆ ಎನ್ನುವ ನೋಟ. ಸದಸ್ಯೆ ಚಿತ್ರಗಳನ್ನೆಲ್ಲಾ ನೋಡಿ ಮುಗಿಸಿ, ಮಾತಾಡುವವರು ಯಾರೂ ಇಲ್ಲವೇ ಎಂದು ಕೇಳಿದರು.

ಅನುಜಾ ಮೈಕಿನಲ್ಲಿ ವೃಷಭನ ಹೆಸರು ಕರೆದು, ಇವರು ಆ ಕೋಣೆಯಲ್ಲಿ ಇದ್ದವರು ಎಂದು ಮರಾಠಿಯಲ್ಲಿ ಹೇಳಿದಳು. ಸಭೆಯಲ್ಲಿ ಗುಜುಗುಜು ಎದ್ದಿತು. ಅಪ್ಪ ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತ. ಅವಳು ಅವನ ಕಡೆ ತಿರುಗಿ ಮನೆಯ ಕನ್ನಡಕ್ಕೆ ಇಳಿದಳು.

“ಅಪ್ಪಾ, ಅವರ ಮಾತು ಮುಗಿಯೂತನಾ ಕುಂದ್ರಿ. ನೀವು ಕೊಟ್ರೂ ಇವರನ್ನ ಲಗ್ನಾ ಆಗ್ತೇನಿ, ಕೊಡದಿದ್ರೂ ಆಗ್ತೇನಿ.”

ಭೂಪಾಲ ಕೂರಲಿಲ್ಲ. ತಾಯಿಯ ಕೈ ಹಿಡಿದು ಹೊರಗೆ ನಡೆದ. ಬಾಗಿಲಿನವರೆಗೆ ಹೋದ ಸಖುಬಾಯಿ ಕೈ ಬಿಡಿಸಿಕೊಂಡು ಗೋಡೆಗೆ ಒರಗಿ ನಿಂತಳು. ಮಗ ಕರೆದರೂ ಕದಲಲಿಲ್ಲ.

ವೃಷಭ ವೇದಿಕೆಗೆ ಬಂದು ಮೈಕ್ ಹಿಡಿದ. ಅನುಜಾ ಕೆಳಗಿಳಿಯದೆ ಅವನ ಪಕ್ಕದಲ್ಲೇ ನಿಂತಳು.

“ನಾನೊಬ್ಬ ಕಳ್ಳ ಹುಡುಗ ಆಗಿದ್ದೆ,” ಎಂದು ಅವನು ಶುರುಮಾಡಿದ.